ಮೆಲ್ಲಣ್ಣನ ಕೇಳುವ ಪರೀಕ್ಷೆ

ವಿಮಾನ ನಿಲ್ದಾಣದಲ್ಲಿ ಅವನನ್ನು ಎಲ್ಲರೂ ಮೆಲ್ಲಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಯಾಕಿಟ್ಟರೆಂದು ಯಾರೂ ಕೇಳಬೇಕಾಗಿರಲಿಲ್ಲ. ಪ್ರಯಾಣಿಕರು ಇಳಿದುಹೋದ ಖಾಲಿ ವಿಮಾನಗಳನ್ನು ರಿಪೇರಿ ಶೆಡ್ಡಿಗೆ ಎಳೆದೊಯ್ಯುವ, ರಿಪೇರಿಯಾದವನ್ನು ಮತ್ತೆ ತಂದು ನಿಲ್ಲಿಸುವ ಟ್ರ್ಯಾಕ್ಟರು ಅವನದು. ಗಿಡ್ಡಗೆ, ಅಗಲಕ್ಕೆ, ನೆಲಕ್ಕಂಟಿಕೊಂಡಂತಿದ್ದ ಗಾಡಿ. ಅದನ್ನು ಅವನು ಊಟ ಮುಗಿಸಿ ಅಡ್ಡಾಡಲು ಹೊರಟವರ ನಡಿಗೆಯಲ್ಲಿ ಓಡಿಸುತ್ತಿದ್ದ. ಇನ್ನೊಂಚೂರು ಒತ್ತಬಾರದೇನಯ್ಯಾ ಎಂದು ಜೊತೆಯವರು ಛೇಡಿಸಿದರೆ, ಹಿಂದೆ ಕಟ್ಟಿರುವುದು ವಿಮಾನ, ಕುರಿಮರಿಯಲ್ಲ ಎನ್ನುತ್ತಿದ್ದ.

ಟ್ರ್ಯಾಕ್ಟರಿನಲ್ಲಿ ಎರಡು ಸೀಟು. ಒಂದರಲ್ಲಿ ಮೆಲ್ಲಣ್ಣ, ಪಕ್ಕದ್ದರಲ್ಲಿ ರೇಡಿಯೊ ಹಿಡಿದು ಕೂರುವ ಹಿರಿಯ. ವಿಮಾನಗಳು ಓಡಾಡುವ ದಾರಿಗಳನ್ನು ಅಡ್ಡ ದಾಟಬೇಕಾದರೆ ಮೇಲೆ ಟವರಿನಲ್ಲಿ ಕೂತವರ ಅಪ್ಪಣೆ ಬೇಕು, ಅಪ್ಪಣೆ ಬರುವುದು ಇಂಗ್ಲಿಷಿನಲ್ಲಿ. ಅಲ್ಲಿಂದ ಗರಗರ ಎಂದು ಮಾರುದ್ದದ ಮಾತು ಬರುತ್ತಿತ್ತು. ಹಿರಿಯ ಅದನ್ನೆಲ್ಲ ಕೇಳಿಸಿಕೊಂಡು "ನಿಲ್ಸು" ಎನ್ನುತ್ತಿದ್ದ, ಇಲ್ಲವೇ "ನಡಿ" ಎನ್ನುತ್ತಿದ್ದ. ವರ್ಷಗಟ್ಟಲೆ ಮೆಲ್ಲಣ್ಣನಿಗೆ ಇಂಗ್ಲಿಷ್ ಎಂದರೆ ಈ ಎರಡು ಮಾತು ಅಷ್ಟೇ ಆಗಿತ್ತು, ಅದರಲ್ಲಿ ಅವನ ಕೆಲಸ ಸಲೀಸಾಗಿ ನಡೆದಿತ್ತು.

ಹಿರಿಯ ನಿವೃತ್ತನಾದ. ಅವನ ಸೀಟಿಗೆ ಬೇರೊಬ್ಬರು ಬರಲಿಲ್ಲ. ಒಂದು ಗಾಡಿಗೆ ಇಬ್ಬರು ಯಾಕೆ ಎಂದು ಮೇಲಿನವರಿಗೆ ಅನಿಸಿತ್ತು. ಇನ್ನು ಮುಂದೆ ಚಾಲಕರೇ ರೇಡಿಯೊ ಕೇಳಬೇಕು, ಅದಕ್ಕೆ ಮೊದಲು ಇಂಗ್ಲಿಷಿನ ಪರೀಕ್ಷೆಯೊಂದನ್ನು ಪಾಸು ಮಾಡಬೇಕು ಎಂದು ಸೂಪರ್‌ವೈಸರು ಎಲ್ಲರನ್ನೂ ಕೂರಿಸಿ ಹೇಳಿದರು. ಬರೆಯುವುದು ಹೆಚ್ಚಿಲ್ಲ, ಮಾತಾಡುವುದು ಸ್ವಲ್ಪ, ಮುಖ್ಯವಾದದ್ದು ಕೇಳುವುದು. ಹೆಡ್‌ಫೋನಿನಲ್ಲಿ ಮಾತು ಬರುತ್ತದೆ, ಒಂದೇ ಸಲ ಬರುತ್ತದೆ, ಕೇಳಿ ಉತ್ತರ ಗುರುತು ಹಾಕಬೇಕು. ಪಾಸಾಗದವರನ್ನು ಕೆಲಸದಿಂದ ತೆಗೆಯುವುದಿಲ್ಲ, ಲಗೇಜು ಹಾಲಿಗೆ ಕಳಿಸುತ್ತಾರೆ. ಸೂಪರ್‌ವೈಸರು ಅದನ್ನು ಸಮಾಧಾನದ ಮಾತೆಂಬಂತೆ ಹೇಳಿದರು. ಮೆಲ್ಲಣ್ಣನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ನಲವತ್ತೇಳರ ಸೊಂಟ ಅದು. ಲಗೇಜು ಹಾಲಿನಲ್ಲಿ ಪೆಟ್ಟಿಗೆಗಳನ್ನು ಬಗ್ಗಿ ಎತ್ತಿ ಎಸೆಯುವ ಕೆಲಸಕ್ಕೆ ಅದು ಒಪ್ಪುವ ಮಾತೇ ಇರಲಿಲ್ಲ.

ಮನೆಯಲ್ಲಿ ಆಗಲೇ ಇನ್ನೊಂದು ಕಷ್ಟ ಬಂದು ಕೂತಿತ್ತು. ಮೆಲ್ಲಣ್ಣ ಮದುವೆಯಾದವನಲ್ಲ. ಅಣ್ಣ ಅತ್ತಿಗೆಯ ಜೊತೆಗೇ ಇದ್ದ. ಅಣ್ಣ ಅವನಿಗಿಂತ ಬಹಳ ದೊಡ್ಡವನು, ತಂದೆಯ ಜಾಗದಲ್ಲಿ ನಿಂತು ಸಾಕಿದವನು. ಮನೆಯ ಮುಂದಿನ ಕೋಣೆಯಲ್ಲೇ ಅಣ್ಣನ ಡ್ರೈವಿಂಗ್ ಸ್ಕೂಲು. ಎರಡು ಕಡೆಯೂ ಬ್ರೇಕು, ಕ್ಲಚ್ಚು ಇದ್ದ ಒಂದು ಹಳೆಯ ಕಾರು, ಅದರ ನೆತ್ತಿಯ ಮೇಲೊಂದು ಬೋರ್ಡು. ಆ ಕಡೆಯ ಅರ್ಧ ಊರಿಗೆ ಸ್ಟೀರಿಂಗು ಹಿಡಿಯುವುದನ್ನು ಕಲಿಸಿದವನು ಅಣ್ಣನೇ. ಬಾಯಿಗೆ ಬಿಡುವೇ ಇಲ್ಲದ ಮನುಷ್ಯ. ಕಾರಿನಲ್ಲಿ ಕೂತರೆ ಕಲಿಯುವವರ ಮನೆಯ ಕಥೆ, ಕಾರಿನಿಂದ ಇಳಿದರೆ ಬೀದಿಯ ಕಥೆ. ಊಟದ ತಟ್ಟೆಯ ಮುಂದೆಯೂ ಗೇರು ಬದಲಾಯಿಸಿದಂತೆ ಒಂದು ವಿಷಯದಿಂದ ಇನ್ನೊಂದಕ್ಕೆ ಜಾರುತ್ತಿದ್ದ. ಅತ್ತಿಗೆ ಆಗಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ ನೋಡಿ ಎಂದು ಹೆದರಿಸುತ್ತಿದ್ದರು.

ಆ ಅಣ್ಣನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಸ್ಟ್ರೋಕು ಹೊಡೆಯಿತು. ಜೀವ ಉಳಿಯಿತು. ಬಲಗೈ ಅರ್ಧ ಉಳಿಯಿತು. ಮಾತು ಹೋಯಿತು. ಎಲ್ಲವೂ ಹೋಗಿ "ಅದೇ" ಎಂಬುದೊಂದು ಉಳಿದುಕೊಂಡಿತು. ನೀರು ಬೇಕಾದರೂ "ಅದೇ ಅದೇ", ಬೇಡವಾದರೂ "ಅದೇ ಅದೇ". ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಅವಸರದಲ್ಲಿದ್ದರು. ಮಾತಾಡಿಸುತ್ತಾ ಇರಿ, ಸುಮ್ಮನೆ ಬಿಡಬೇಡಿ ಎಂದಷ್ಟು ಹೇಳಿ ಮುಂದಿನ ಹಾಸಿಗೆಗೆ ಹೋದರು. ಅತ್ತಿಗೆ ಆ ಮಾತನ್ನು ಔಷಧದಂತೆ ಪಾಲಿಸಿದರು. ಬೆಳಗಿನಿಂದ ಸಂಜೆಯವರೆಗೆ ಅಣ್ಣನ ಮುಂದೆ ಮಾತಾಡಿದರು. ಅಕ್ಕಪಕ್ಕದವರ ಸುದ್ದಿ, ನಲ್ಲಿಯ ಸುದ್ದಿ, ಯಾರ ಮಗಳು ಯಾವ ಕೆಲಸಕ್ಕೆ ಸೇರಿದಳೆಂಬ ಸುದ್ದಿ. ಅಣ್ಣ ತಡವರಿಸಿದಂತೆ ಕಂಡರೆ ದನಿ ಏರಿಸಿ ಇನ್ನೊಮ್ಮೆ ಹೇಳಿದರು. ನೋಡಲು ಬಂದ ನೆಂಟರೂ ಗಟ್ಟಿಯಾಗಿಯೇ ಮಾತಾಡಿದರು, ಕಾಯಿಲೆ ಅಣ್ಣನ ಕಿವಿಗೇ ಬಂದಿದೆಯೇನೋ ಎಂಬಂತೆ. ಅಣ್ಣ ಎಲ್ಲರಿಗೂ ತಲೆಯಾಡಿಸಿದ, ನಕ್ಕ, "ಅದೇ ಅದೇ" ಎಂದ. ಮಾತು ಬರದಿದ್ದರೇನು, ಎಲ್ಲ ತಿಳಿಯುತ್ತಲ್ಲ, ಅದೇ ದೊಡ್ಡದು ಎಂದು ನೆಂಟರು ಸಮಾಧಾನ ಹೇಳಿ ಹೋದರು.

ಇಂಥ ಮನೆಯಿಂದ ಹೊರಟು ಮೆಲ್ಲಣ್ಣ ಕೆಲಸ ಮುಗಿದ ಮೇಲೆ ಹೋಗುವ ಒಂದು ಇಂಗ್ಲಿಷ್ ಕ್ಲಾಸಿಗೆ ಸೇರಿದ. ಹಾಸಿಗೆ ದಿಂಬು ಮಾರುವ ಅಂಗಡಿಯ ಮೇಲಿನ ಒಂದು ಉದ್ದ ಕೋಣೆ. ಗೋಡೆಗೆ ಒತ್ತಿಕೊಂಡು ಬೆಂಚುಗಳು, ಒಂದೊಂದು ಬೆಂಚಿಗೂ ಸ್ಪಂಜು ಕಿತ್ತುಹೋದ ಹೆಡ್‌ಫೋನುಗಳು. ಕಲಿಸುವವರು ಸ್ಕೂಲಿನಿಂದ ರಿಟೈರ್ ಆದ ಹೆಂಗಸು, ಎಲ್ಲರ ಬಾಯಲ್ಲಿ ಟೀಚರ್. ಫ್ಲಾಸ್ಕಿನಲ್ಲಿ ತಂದ ಬಿಸಿನೀರು ಗುಟುಕರಿಸುತ್ತ, ಒಂದು ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು ಪಾಠ ಹೇಳುತ್ತಿದ್ದರು. ಕ್ಲಾಸಿನಲ್ಲಿ ಇಬ್ಬರು ನರ್ಸುಗಳು, ಹಡಗಿಗೆ ಸೇರಲಿದ್ದ ಒಬ್ಬ ಅಡುಗೆಯವನು, ಗಂಡನಿರುವ ಊರಿಗೆ ಹೊರಟಿದ್ದ ಒಬ್ಬ ಹುಡುಗಿ. ಎಲ್ಲರೂ ಎಲ್ಲಿಗಾದರೂ ಹೋಗಲು ಕಲಿಯುವವರು. ಇದ್ದಲ್ಲೇ ಇರಲು ಕಲಿಯುತ್ತಿದ್ದವನು ಮೆಲ್ಲಣ್ಣ ಒಬ್ಬನೇ.

ಅಭ್ಯಾಸದ ಧ್ವನಿಮುದ್ರಣಗಳಲ್ಲಿ ವಿಮಾನದ ಸುದ್ದಿಯೇ ಇರುತ್ತಿರಲಿಲ್ಲ. ಒಬ್ಬ ಗಂಡಸು ಈಜುಕೊಳಕ್ಕೆ ಫೋನು ಮಾಡಿ ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಕೇಳುತ್ತಾನೆ. ಒಬ್ಬ ಹೆಂಗಸು ರೈಲಿನಲ್ಲಿ ಕೊಡೆ ಮರೆತಿದ್ದಾಳೆ. ಒಬ್ಬ ಪ್ರೊಫೆಸರು ಜೇನುಹುಳುಗಳ ಬಗ್ಗೆ ನಿದ್ದೆ ಬರುವಂತೆ ಹೇಳುತ್ತಾನೆ. ಮೆಲ್ಲಣ್ಣ ಬಸ್ಸಿನಲ್ಲಿ ಅವರನ್ನೇ ಕೇಳಿದ, ಕ್ಯಾಂಟೀನಿನ ಮೂಲೆಯಲ್ಲಿ ಚಹಾ ಆರಿಸುತ್ತ ಕೇಳಿದ. ಕೇಳಿದ್ದು ಕಿವಿಯ ಬಾಗಿಲಿಗೆ ಬಂದು ನಿಂತೇಬಿಡುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಅದೇ ಮಾತುಗಳನ್ನು ಅಚ್ಚು ಹಾಕಿದ್ದರು. ಓದಿ ನೋಡಿದರೆ ಎಲ್ಲ ಸ್ಕೂಲಿನಿಂದಲೂ ಗೊತ್ತಿದ್ದ ಪದಗಳೇ. ಇಷ್ಟೇನಾ ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು. "ವಾಟ್ ಡು ಯು ವಾಂಟ್ ಟು ಡು" ಎಂದು ಅಚ್ಚಾಗಿರುವುದನ್ನು ಆ ಪುಣ್ಯಾತ್ಮರು "ವಾಡ್ಯವಾನಡು" ಎಂದು ಒಂದೇ ಉಸಿರಿಗೆ ನುಂಗುತ್ತಿದ್ದರು. ಥರ್ಟೀನ್ ಯಾವುದು, ಥರ್ಟಿ ಯಾವುದು ಎಂದು ಅವನು ತೂಗಿ ನೋಡುವಷ್ಟರಲ್ಲಿ ಕೊಡೆ ಕಳೆದುಕೊಂಡವಳು ತನ್ನ ವಿಳಾಸ ಕೊಟ್ಟು, ಥ್ಯಾಂಕ್ಯೂ ಹೇಳಿ, ಫೋನು ಇಟ್ಟಾಗಿರುತ್ತಿತ್ತು.

ಒಂದು ದಿನ ಟೀಚರ್ ಅವನ ಹಿಂದೆ ಬಂದು ನಿಂತರು. ಅವನು ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಕೊಂಡು, ಕಣ್ಣು ಕಿರಿದು ಮಾಡಿ, ಬಾಯಿ ಅರ್ಧ ತೆರೆದು ಕೂತಿದ್ದ. ಹೆಡ್‌ಫೋನಿನಿಂದ ಪ್ರೊಫೆಸರು ಕೋಣೆಗೆಲ್ಲ ಕೇಳಿಸುತ್ತಿದ್ದ. ಟೀಚರ್ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು.

"ದನಿ ಜಾಸ್ತಿ ಮಾಡಿದ್ರೆ ದನಿ ಜಾಸ್ತಿ ಆಗುತ್ತೆ ಅಷ್ಟೇ," ಎಂದರು. "ಅರ್ಥ ಎಷ್ಟಿತ್ತೋ ಅಷ್ಟೇ ಇರುತ್ತೆ. ನಿಮ್ಮ ಕಿವಿ ಸರಿಯಾಗೇ ಇದೆ. ಮಾತು ಬರೋ ವೇಗಕ್ಕೆ ತಲೆ ಓಡ್ತಾ ಇಲ್ಲ. ಒಂದು ಪದ ಹಿಡ್ಕೊಂಡು ನಿಂತುಬಿಡ್ತೀರ, ಅಷ್ಟರಲ್ಲಿ ಹತ್ತು ಓಡಿಹೋಗಿರುತ್ತೆ. ಹೋದದ್ದನ್ನ ಬಿಡಿ."

"ಬಿಟ್ರೆ ನನ್ನ ಹತ್ರ ಏನು ಉಳಿಯುತ್ತೆ ಟೀಚರ್?"

"ಏನೋ ಒಂದು ಉಳಿಯುತ್ತೆ. ಅದನ್ನ ಇಟ್ಕೊಂಡು ಮುಂದೆ ಹೋಗಿ."

ತಿಳಿದವನಂತೆ ಅವನು ತಲೆಯಾಡಿಸಿದ. ತಿಳಿದಿರಲಿಲ್ಲ. ತಲೆಯಾಡಿಸದಿದ್ದರೆ ಅವರು ಇನ್ನೊಮ್ಮೆ ಹೇಳುತ್ತಾರೆ, ಆಗಲೂ ತಿಳಿಯದಿದ್ದರೆ ಮುಖ ತೋರಿಸುವುದು ಹೇಗೆ? ಅವನಿಗೆ ಸೂಪರ್‌ವೈಸರ ಮುಂದೆಯೂ, ಬ್ಯಾಂಕಿನಲ್ಲಿಯೂ, ಎಲ್ಲೆಡೆ ಇದೇ ಅಭ್ಯಾಸ.

ಪರೀಕ್ಷೆಯ ದಿನ ಬಂತು. ಗಾಜಿನ ಗೋಡೆಗಳ ತಣ್ಣನೆಯ ಕಟ್ಟಡ, ಸಾಲು ಸಾಲು ಕಂಪ್ಯೂಟರು. ಎರಡನೆಯ ಭಾಗದಲ್ಲಿ ಒಬ್ಬ ಹುಡುಗಿ ಗ್ರಂಥಾಲಯಕ್ಕೆ ಹೋಗುವ ದಾರಿ ಹೇಳುತ್ತಿದ್ದಳು. ಎಡಕ್ಕೆ ತಿರುಗಿ, ಅಲ್ಲಿಂದ ಏನನ್ನೋ ದಾಟಿ. ಆ ಏನನ್ನೋ ಎಂಬುದು ಸೇತುವೆಯೋ ಬೀದಿಯೋ ತಿಳಿಯಲಿಲ್ಲ. ಹದಿನೈದು ವರ್ಷ ಅಪ್ಪಣೆಯಿಲ್ಲದೆ ಏನನ್ನೂ ದಾಟದ ಚಾಲಕ ಅವನು. ದಾಟುವುದೇನೆಂದು ಗೊತ್ತಾಗದೆ ಮುಂದೆ ಹೋಗಲು ಮನಸ್ಸು ಒಪ್ಪಲಿಲ್ಲ. ಅಲ್ಲೇ ನಿಂತ. ಹುಡುಗಿ ಗ್ರಂಥಾಲಯ ತಲುಪಿದಳು, ಬೇರೆ ಯಾರೋ ಮಾತಾಡಲು ಶುರು ಮಾಡಿದರು, ಅವರೂ ಮುಗಿಸಿದರು. ಹೆಡ್‌ಫೋನು ತೆಗೆದಿಟ್ಟು ಎದ್ದಾಗ ಅವನಿಗೆ ಇಡೀ ದಿನ ಮೂಟೆ ಹೊತ್ತಷ್ಟು ಆಯಾಸವಾಗಿತ್ತು.

ಫೇಲಾಗಿದ್ದೇನೆಂದು ಫಲಿತಾಂಶ ಬರುವ ಮೊದಲೇ ಗೊತ್ತಿತ್ತು. ಇನ್ನೊಂದು ಅವಕಾಶ ಇದೆ, ಅಲ್ಲಿಯವರೆಗೆ ಲಗೇಜು ಹಾಲು ಎಂದರು ಸೂಪರ್‌ವೈಸರು. ಮೆಲ್ಲಣ್ಣ ತಲೆಯಾಡಿಸಿದ. ಟ್ರ್ಯಾಕ್ಟರಿನ ಕೀಲಿಯನ್ನು ಕೊಟ್ಟು, ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡು, ಕಿಟಕಿಯಿಲ್ಲದ ಆ ಹಾಲಿಗೆ ಇಳಿದ. ಬೆಲ್ಟಿನ ಮೇಲೆ ಪೆಟ್ಟಿಗೆಗಳು ಕೊನೆಯೇ ಇಲ್ಲದೆ ಬರುತ್ತಿದ್ದವು. ಅವುಗಳಿಗೂ ಬಿಡುವಿರಲಿಲ್ಲ, ಒಂದನ್ನು ಸರಿಯಾಗಿಡುವಷ್ಟರಲ್ಲಿ ಮುಂದಿನದು ಮೊಣಕೈಗೆ ತಾಗುತ್ತಿತ್ತು. ಸಂಜೆ ಮನೆಗೆ ಬಂದರೆ ಬೂಟು ಬಿಚ್ಚಲು ಬಗ್ಗಲಾಗುತ್ತಿರಲಿಲ್ಲ. ಅತ್ತಿಗೆಯೇ ಲೇಸು ಬಿಚ್ಚಿಕೊಡುತ್ತಿದ್ದರು. ಅವರಿಗೂ ಸಾಕಾಗಿರುತ್ತಿತ್ತು. ಒಂದು ಕಡೆ ನೆಲಕ್ಕೆ ಬೆನ್ನು ಕೊಟ್ಟು ಮಲಗಿದ ಮೈದುನ, ಇನ್ನೊಂದು ಕಡೆ ನಗುತ್ತ ಕೂತ ಗಂಡ.

ಅತ್ತಿಗೆಗೆ ಅಣ್ಣನ ಮೇಲೆ ಆಗಾಗ ಸಿಟ್ಟು ಬರುತ್ತಿತ್ತು, ಅದನ್ನು ಮೆಲ್ಲಣ್ಣನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಎಲ್ಲ ಕೇಳಿಸಿಕೊಳ್ಳುತ್ತಾರೆ, ಹೂಂ ಅನ್ನುತ್ತಾರೆ, ಆಮೇಲೆ ತಮಗೆ ಬೇಕಾದ ಹಾಗೆ ಮಾಡುತ್ತಾರೆ. ಮೊದಲಿನಿಂದಲೂ ಹಟದ ಜೀವ, ಈಗ ನಾಚಿಕೆಯೂ ಬಿಟ್ಟಿದ್ದಾರೆ ಎನ್ನುತ್ತಿದ್ದರು. ಮೆಲ್ಲಣ್ಣನಿಗೂ ಹಾಗೇ ಅನಿಸುತ್ತಿತ್ತು.

ರಜೆಯ ಒಂದು ಬೆಳಿಗ್ಗೆ ಅಣ್ಣನನ್ನು ಆಸ್ಪತ್ರೆಗೆ ತೋರಿಸಲು ಕರೆದೊಯ್ಯಬೇಕಿತ್ತು. ಮೆಲ್ಲಣ್ಣ ಮೂಲೆಯಲ್ಲಿ ಕೂತು ಜೇನುಹುಳುಗಳ ಪ್ರೊಫೆಸರನ್ನು ಕೇಳುತ್ತಿದ್ದ. ಕೇಳಿ ಕೇಳಿ ಸೋತು ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡ. ಅತ್ತಿಗೆ ಬಾಗಿಲ ಹತ್ತಿರ ನಿಂತು ಗಂಡನಿಗೆ ಹೇಳುತ್ತಿದ್ದರು.

"ರೀ, ಟ್ಯಾಕ್ಸಿ ಬರೋ ಹೊತ್ತಾಯ್ತು, ಆ ಶರ್ಟು ಬೇಡ, ಗುಂಡಿ ಕಿತ್ತಿದೆ, ನೀಲಿದು ಅಲ್ಲೇ ಕುರ್ಚಿ ಮೇಲಿಟ್ಟಿದ್ದೀನಿ ಹಾಕ್ಕೊಳ್ಳಿ, ಅದಕ್ಕೆ ಮೊದಲು ಒಂದ್ಸಲ ಬಾತ್‌ರೂಮಿಗೆ ಹೋಗ್ಬನ್ನಿ, ಅಲ್ಲಿ ಎಷ್ಟು ಹೊತ್ತು ಕೂರಿಸ್ತಾರೋ ಗೊತ್ತಿಲ್ಲ."

ಅಣ್ಣ ಹೆಂಡತಿಯ ಬಾಯಿಯನ್ನೇ ನೋಡುತ್ತಿದ್ದ. ಕಣ್ಣು ಕಿರಿದಾಗಿತ್ತು, ತುಟಿ ಅರ್ಧ ತೆರೆದಿತ್ತು. ಮಾತು ಮುಗಿದ ಮೇಲೆ ಒಂದು ಕ್ಷಣ ತಡೆದು ನಕ್ಕ. ತಲೆಯಾಡಿಸಿದ. "ಅದೇ ಅದೇ" ಎಂದ. ಕೂತಲ್ಲಿಂದ ಏಳಲಿಲ್ಲ.

ಅತ್ತಿಗೆ ಅದನ್ನೇ ಇನ್ನೂ ಗಟ್ಟಿಯಾಗಿ, ಇನ್ನೂ ಬೇಗ ಹೇಳಿದರು. ಅಣ್ಣ ಮತ್ತೆ ತಲೆಯಾಡಿಸಿದ.

ಮೆಲ್ಲಣ್ಣ ಕುತ್ತಿಗೆಯ ಹೆಡ್‌ಫೋನು ತೆಗೆದಿಟ್ಟ. ಆ ತಲೆಯಾಡಿಸುವುದು ಅವನಿಗೆ ಗೊತ್ತಿತ್ತು. ಅದು ತನ್ನದೇ. ಟೀಚರ ಮುಂದೆ, ಸೂಪರ್‌ವೈಸರ ಮುಂದೆ ತಾನು ಆಡಿಸುವ ತಲೆ ಅದು. ಅಣ್ಣ ಹಟ ಮಾಡುತ್ತಿಲ್ಲ. ಅಣ್ಣನಿಗೆ ಹೆಂಡತಿಯ ಮಾತು ಮನೆಯ ಮಾತಾಗಿ ಕೇಳಿಸುತ್ತಲೇ ಇಲ್ಲ, ಹೆಡ್‌ಫೋನಿನ ಇಂಗ್ಲಿಷಿನಂತೆ ಕೇಳಿಸುತ್ತಿದೆ. ಎಲ್ಲೋ ಒಂದು ಗೊತ್ತಿರುವ ಪದ ಮಿಂಚಿ, ಅದನ್ನು ಹಿಡಿಯಲು ಹೋದಾಗ ಉಳಿದದ್ದೆಲ್ಲ ಓಡಿಹೋಗುತ್ತಿದೆ. ಹೀಗೇ ಎಷ್ಟೋ ತಿಂಗಳಿಂದ ಅವನು ಸುಮ್ಮನೆ ನಗುತ್ತ ಕೂತಿದ್ದಾನೆ.

ಮೆಲ್ಲಣ್ಣ ಎದ್ದು ಹೋಗಿ ಅಣ್ಣನ ಎದುರು ಸ್ಟೂಲು ಎಳೆದು ಕೂತ. ಅತ್ತಿಗೆಗೆ ಸುಮ್ಮನಿರುವಂತೆ ಕೈ ತೋರಿಸಿದ.

"ಅಣ್ಣಾ," ಎಂದ. ಅಣ್ಣ ಅವನ ಕಡೆ ತಿರುಗುವವರೆಗೆ ಕಾದ. "ಶರ್ಟು."

ಅಷ್ಟೇ ಹೇಳಿ ಸುಮ್ಮನಾದ. ಸುಮ್ಮನಿರುವುದು ಬಹಳ ಕಷ್ಟವಾಯಿತು. ಅತ್ತಿಗೆ ಬಾಗಿಲಲ್ಲಿ ಚಡಪಡಿಸುತ್ತಿದ್ದರು. ಅಣ್ಣನ ಹುಬ್ಬು ಗಂಟಿಕ್ಕಿತು, ಸಡಿಲಾಯಿತು. ಎಡಗೈ ತನ್ನ ಎದೆಯ ಮೇಲಿನ ಶರ್ಟನ್ನು ಮುಟ್ಟಿತು.

"ಹಾಂ. ಶರ್ಟು. ಬೇಡ." ಮೆಲ್ಲಣ್ಣ ಕಿತ್ತುಹೋದ ಗುಂಡಿಯ ಜಾಗ ತೋರಿಸಿದ. ಮತ್ತೆ ಕಾದ. "ನೀಲಿ."

ಅಣ್ಣ ಕೋಣೆಯನ್ನು ನಿಧಾನವಾಗಿ ನೋಡಿದ. ಕುರ್ಚಿ ಕಂಡಿತು. ಎದ್ದ, ಹೋದ, ನೀಲಿ ಶರ್ಟನ್ನು ಎಡಗೈಯಲ್ಲಿ ಎತ್ತಿ ಹಿಡಿದು ತಮ್ಮನ ಕಡೆ ತಿರುಗಿದ. "ಅದೇ?" ಎಂದ. ಆ ಮನೆಯಲ್ಲಿ ಬಹಳ ದಿನಗಳಿಂದ ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಈ ಹಿಂದೆಯೂ ಅವನು ಕೇಳಿದ್ದಿರಬೇಕು, ಯಾರೂ ಅದನ್ನು ಪ್ರಶ್ನೆಯೆಂದು ಎಣಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಮೆಲ್ಲಣ್ಣ ಡಾಕ್ಟರಿಗೆ ವಿಷಯ ಹೇಳಿದ. ಈ ಸಲ ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮಾತು ಕಲಿಸುವ ಒಬ್ಬರ ಹತ್ತಿರ ಕಳಿಸಿದರು. ಆ ಹೆಂಗಸು ಅರ್ಧ ಗಂಟೆ ಪರೀಕ್ಷೆ ಮಾಡಿ, ನಿಮ್ಮ ಊಹೆ ಸರಿ ಎಂದರು. ಆಡುವ ಮಾತಷ್ಟೇ ಅಲ್ಲ, ಕೇಳಿದ ಮಾತು ಅರ್ಥವಾಗುವುದೂ ಪೆಟ್ಟು ತಿಂದಿದೆ. ಬುದ್ಧಿ ಎಲ್ಲೂ ಹೋಗಿಲ್ಲ, ನೆನಪೂ ಇದೆ. ಚಿಕ್ಕ ಮಾತು, ಒಂದು ಸಲಕ್ಕೆ ಒಂದೇ ವಿಷಯ, ಆಮೇಲೆ ಕಾಯಬೇಕು. ಕಿರುಚಬಾರದು.

ಟ್ಯಾಕ್ಸಿಯಲ್ಲಿ ವಾಪಸ್ಸು ಮನೆಗೆ ಬಂದು ಅಣ್ಣನನ್ನು ಮಲಗಿಸಿ, ಅಡುಗೆಮನೆಯ ಸಿಂಕಿನ ಹತ್ತಿರ ನಿಂತು, ನಲ್ಲಿ ಬಿಟ್ಟುಕೊಂಡು ಅತ್ತಿಗೆ ಅಂದರು: "ಹಾಗಾದ್ರೆ ಇಷ್ಟು ದಿನ ನಾನು ಯಾರ ಹತ್ರ ಮಾತಾಡ್ತಿದ್ದೆ?"

ಮೆಲ್ಲಣ್ಣ ಕೈ ಚಾಚಿ ನಲ್ಲಿ ನಿಲ್ಲಿಸಿದ.

"ಕಾರಿನ ವಿಷ್ಯ," ಎಂದರು ಅತ್ತಿಗೆ.

ಅವನಿಗೆ ಆಗ ನೆನಪಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣನ ಕಾರು ಮನೆಯ ಮುಂದೆ ನಿಂತೇ ಇತ್ತು. ಟೈರುಗಳು ಕೂತುಹೋಗಿದ್ದವು, ಬಾನೆಟ್ಟಿನ ಮೇಲೆ ಬೆಕ್ಕು ಸಂಸಾರ ಹೂಡಿತ್ತು. ಅಣ್ಣ ಇನ್ನು ಓಡಿಸುವಂತಿಲ್ಲ, ಕಲಿಸುವಂತೆಯೂ ಇಲ್ಲ. ಒಂದು ಮಧ್ಯಾಹ್ನ ಅತ್ತಿಗೆ ಗಂಡನ ಪಕ್ಕ ಕೂತು, ಕಾರು ಕೊಟ್ಟುಬಿಡೋಣ, ನಿಂತು ತುಕ್ಕು ಹಿಡಿಯುವುದು ಬೇಡ ಎಂದು ಬಹಳ ಹೊತ್ತು ವಿವರಿಸಿ ಹೇಳಿದ್ದರು. ಅಣ್ಣ ನಕ್ಕು, ಅವರ ಕೈ ಸವರಿ, "ಅದೇ ಅದೇ" ಎಂದಿದ್ದ. ಎಷ್ಟು ದೊಡ್ಡ ಮನಸ್ಸು, ತಾವೇ ಒಪ್ಪಿಕೊಂಡರು ಎಂದು ಅತ್ತಿಗೆ ಎಲ್ಲರಿಗೂ ಹೇಳಿಕೊಂಡು ಕಣ್ಣೊರೆಸಿಕೊಂಡಿದ್ದರು. ಕೊಂಡವನು ಬಂದು ಕಾರು ತೆಗೆದುಕೊಂಡು ಹೋದ ದಿನ ಅಣ್ಣ ಮನೆಯಲ್ಲಿರಲಿಲ್ಲ, ಮೆಲ್ಲಣ್ಣನ ಜೊತೆ ಆಸ್ಪತ್ರೆಯಲ್ಲಿದ್ದ. ಅಂದಿನಿಂದ ಪ್ರತಿ ಬೆಳಿಗ್ಗೆ ಅಣ್ಣ ಕಿಟಕಿಗೆ ಬಂದು ಖಾಲಿ ಜಾಗ ನೋಡುತ್ತಿದ್ದ. ತಿರುಗಿ "ಅದೇ ಅದೇ" ಎಂದು ಏನೋ ಕೇಳುತ್ತಿದ್ದ. ಗಾಳಿ ಬರಲಿ ಎಂದು ನಿಲ್ಲುತ್ತಾನೆ ಎಂದುಕೊಂಡು ಇವರು ಹೌದು ಹೌದು ಎನ್ನುತ್ತಿದ್ದರು.

"ಹೇಳ್ಬೇಕು," ಎಂದ ಮೆಲ್ಲಣ್ಣ.

"ನೀನೇ ಹೇಳು. ನನ್ನ ಕೈಲಾಗಲ್ಲ."

ಸಂಜೆಯ ಬಿಸಿಲು ಬೀದಿಯಲ್ಲಿ ಇನ್ನೂ ಇತ್ತು. ಅವನು ಅಣ್ಣನ ಕೈ ಹಿಡಿದು ಮನೆಯ ಮುಂದೆ ಕರೆತಂದ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆಯೊಂದು ಉಳಿದಿತ್ತು. ಅದರ ಪಕ್ಕ ಇಬ್ಬರೂ ನಿಂತರು.

"ಅಣ್ಣಾ. ಕಾರು."

ಅಣ್ಣ ಕೂಡಲೇ ತಿರುಗಿದ. ಈ ಪದಕ್ಕೆ ಕಾಯಬೇಕಾಗಲಿಲ್ಲ.

"ಇಲ್ಲ," ಎಂದ ಮೆಲ್ಲಣ್ಣ. ಕಾದ. "ಮಾರಿದ್ವಿ."

ಅಣ್ಣ ಅವನ ಬಾಯಿ ನೋಡಿದ. ನಗುವುದಕ್ಕೆ ತುಟಿ ಸಿದ್ಧವಾಗಿತ್ತು, ತಲೆ ಆಡುವುದರಲ್ಲಿತ್ತು. ಮೆಲ್ಲಣ್ಣ ಅಣ್ಣನ ತೋಳು ಹಿಡಿದು, ಬೇಡ ಎಂಬಂತೆ ತಲೆಯಲ್ಲಾಡಿಸಿ, ಇನ್ನೊಮ್ಮೆ ಹೇಳಿದ. "ಕಾರು. ಮಾರಿದ್ವಿ. ಇನ್ನು ಬರಲ್ಲ."

ಅದು ಒಳಗೆ ಇಳಿಯುವುದನ್ನು ಅವನು ನೋಡಿದ. ಮೊದಲು ನಗು ಹೋಯಿತು. ಆಮೇಲೆ ಕಣ್ಣು ಕಪ್ಪು ಕಲೆಗೆ ಹೋಯಿತು, ಬೀದಿಯ ತುದಿಗೆ ಹೋಯಿತು, ಮನೆಯ ಬಾಗಿಲಲ್ಲಿ ನಿಂತ ಹೆಂಡತಿಗೆ ಹೋಯಿತು. ಅಣ್ಣ ತಮ್ಮನ ಕೈಯನ್ನು ಬಿಡಿಸಿಕೊಂಡು ಒಬ್ಬನೇ ಒಳಗೆ ನಡೆದ. ಅತ್ತಿಗೆಯನ್ನು ದಾಟಿ ಹೋಗುವಾಗ ಅವರ ಮುಖ ನೋಡಲಿಲ್ಲ.

ಆ ದಿನ ಊಟ ಮುಟ್ಟಲಿಲ್ಲ. ಮರುದಿನ ಮೆಲ್ಲಣ್ಣ ತಿನ್ನಿಸಿದರೆ ತಿಂದ, ಅತ್ತಿಗೆ ತಂದರೆ ಗೋಡೆಗೆ ತಿರುಗಿದ. ಅದು ಒಂದು ವಾರ ಹೀಗೇ ಎಳೆಯಿತು. ಲಗೇಜು ಹಾಲಿನಲ್ಲಿ ದಿನವಿಡೀ ಪೆಟ್ಟಿಗೆ ಎತ್ತಿ, ಕ್ಲಾಸಿನಲ್ಲಿ ಕಿವಿ ತುಂಬಿಸಿಕೊಂಡು ಮನೆಗೆ ಬಂದರೆ ಮೆಲ್ಲಣ್ಣನಿಗೆ ಈ ಇಬ್ಬರ ನಡುವಿನ ಮೌನ ಕಾದಿರುತ್ತಿತ್ತು. ಅರ್ಥವಾಗದೇ ಇದ್ದಿದ್ದರೇ ಚೆನ್ನಾಗಿತ್ತೇನೋ ಎಂದರು ಅತ್ತಿಗೆ ಒಮ್ಮೆ. ಅವನಿಗೂ ಹಾಗೆ ಅನಿಸದೆ ಇರಲಿಲ್ಲ.

ಆಮೇಲೆ ಒಂದು ಸಂಜೆ ಅಣ್ಣನೇ ಅವನನ್ನು ಸನ್ನೆ ಮಾಡಿ ಕರೆದ. ಎಡಗೈಯಿಂದ ಗಾಳಿಯಲ್ಲಿ ಸ್ಟೀರಿಂಗು ತಿರುಗಿಸಿ ತೋರಿಸಿ, ಹುಬ್ಬೇರಿಸಿ, "ಅದೇ?" ಎಂದ. ಯಾರಿಗೆ ಎಂದು ಕೇಳುತ್ತಿದ್ದ. ಮೆಲ್ಲಣ್ಣ ಹೇಳಿದ: "ನಿನ್ನ ಶಿಷ್ಯ." ಕಾದ. "ಕೆಂಪು ಟೋಪಿಯೋನು." ಕಾರು ಕೊಂಡವನು ಅಣ್ಣನ ಹತ್ತಿರವೇ ಕಲಿತು, ಈಗ ಊರಿನ ಇನ್ನೊಂದು ತುದಿಯಲ್ಲಿ ಸ್ವಂತ ಡ್ರೈವಿಂಗ್ ಸ್ಕೂಲು ಇಟ್ಟವನು. ಎಲ್ಲಿಗೆ ಹೋದರೂ ಕೆಂಪು ಟೋಪಿ ಹಾಕಿಕೊಳ್ಳುತ್ತಿದ್ದ. ಕಲಿಯುವಾಗ ಅಣ್ಣನ ಕಾರನ್ನು ಹಾಲಿನ ಬೂತಿಗೆ ಗುದ್ದಿದವನೂ ಅವನೇ. ಮೆಲ್ಲಣ್ಣ ಅದನ್ನೂ ಕೈಸನ್ನೆಯಲ್ಲಿ ತೋರಿಸಿದ, ಬೂತು, ಟೋಪಿ, ಡಬ್ ಎಂಬ ಸದ್ದು. ಅಣ್ಣ ಬಹಳ ಹೊತ್ತು ಯೋಚಿಸಿದ. ಮುಖ ಪೂರ್ತಿ ತಿಳಿಯಾಗಲಿಲ್ಲ, ಆದರೆ ಬಿಗಿ ಕಡಿಮೆಯಾಯಿತು. "ಅದೇ," ಎಂದ, ಒಂದೇ ಸಲ. ಅತ್ತಿಗೆ ಚಹಾ ತಂದಿಟ್ಟರು. ಅಣ್ಣ ಅವರ ಕಡೆ ನೋಡದಿದ್ದರೂ ಲೋಟ ತೆಗೆದುಕೊಂಡ.

ಎರಡನೆಯ ಪರೀಕ್ಷೆಗೆ ಹೋಗುವಾಗ ಮೆಲ್ಲಣ್ಣನಲ್ಲಿ ಉತ್ಸಾಹ ಎಂಬುದು ಒಂದು ಚಿಟಿಕೆಯೂ ಇರಲಿಲ್ಲ. ಅದೇ ತಣ್ಣನೆಯ ಕೋಣೆ. ಈ ಸಲ ಒಬ್ಬ ಹೆಂಗಸು ಮನೆ ಬಾಡಿಗೆಗೆ ಕೇಳುತ್ತಿದ್ದಳು. ಒಂದು ಪದ ತಿಳಿಯಲಿಲ್ಲ. ಬಿಟ್ಟ. ಇನ್ನೊಂದು ತಿಳಿಯಲಿಲ್ಲ, ಅದನ್ನೂ ಬಿಟ್ಟ. ಹಿಡಿದು ನಿಲ್ಲುವಷ್ಟು ಶಕ್ತಿಯೇ ಉಳಿದಿರಲಿಲ್ಲ ಎಂದರೂ ಸರಿ. ಆದರೆ ಅವಳು ಬೇಸರದಲ್ಲಿದ್ದಾಳೆ, ಮನೆ ಅವಳಿಗೆ ಹಿಡಿಸಿಲ್ಲ, ಸದ್ದು ಜಾಸ್ತಿ ಎನ್ನುತ್ತಿದ್ದಾಳೆ ಎಂಬುದು ಹೇಗೋ ಕೈಗೆ ಸಿಕ್ಕಿತು. ಅದನ್ನು ಗುರುತು ಹಾಕಿ ಮುಂದೆ ಹೋದ. ಮುಗಿದಾಗ ಚೆನ್ನಾಗಿ ಮಾಡಿದೆನೋ ಕೆಟ್ಟದಾಗಿ ಮಾಡಿದೆನೋ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಪಾಸಾಗಿದ್ದ. ಬೇಲಿಗೆ ಅಂಗಿ ಸಿಕ್ಕಿಸಿಕೊಂಡು ಹಾರಿದವನಂತೆ, ಬೇಕಾದಷ್ಟಕ್ಕೆ ಒಂದೇ ಒಂದು ಅಂಕ ಹೆಚ್ಚು. ಸೂಪರ್‌ವೈಸರು ಕೈ ಕುಲುಕಿದರು. ಟೀಚರಿಗೆ ಹೇಳಲು ಹೋದಾಗ ಅವರು ಸಂತೋಷಪಟ್ಟರು, ಆದರೆ ಎಚ್ಚರಿಕೆಯನ್ನೂ ಹೇಳಿದರು.

"ಪರೀಕ್ಷೇಲಿ ಬಿಟ್ಟ ಹಾಗೆ ಕೆಲಸದಲ್ಲಿ ಬಿಡ್ಬೇಡಿ. ಅಲ್ಲಿ ಇನ್ನೊಂದ್ಸಲ ಕೇಳೋಕೆ ಬರುತ್ತೆ. ನಾಚ್ಕೋಬೇಡಿ."

ಅವನು ಹಾಗೇ ಮಾಡಿದ. ಟ್ರ್ಯಾಕ್ಟರಿಗೆ ಮರಳಿದ ಮೇಲೆ ಟವರಿನವರು ಗರಗರ ಎಂದರೆ, ರೇಡಿಯೊದ ಗುಂಡಿ ಒತ್ತಿ "ಸೇ ಅಗೇನ್" ಎನ್ನುತ್ತಿದ್ದ. ಮತ್ತೆ ತಿಳಿಯದಿದ್ದರೆ ಮತ್ತೆ "ಸೇ ಅಗೇನ್". ವಿಮಾನ ಕಟ್ಟಿಕೊಂಡು ದಾರಿಯ ಅಂಚಿನಲ್ಲಿ ನಿಂತೇ ಇರುತ್ತಿದ್ದ, ಸ್ಪಷ್ಟವಾಗುವವರೆಗೆ ಚಕ್ರ ಕದಲಿಸುತ್ತಿರಲಿಲ್ಲ. ಮೇಲೆ ಕೂತವರು ನಿಟ್ಟುಸಿರು ಬಿಡುವುದು ರೇಡಿಯೊದಲ್ಲೇ ಕೇಳಿಸುತ್ತಿತ್ತು. ಆಮೇಲಾಮೇಲೆ ಅವನ ದನಿ ಗುರುತಾಗಿ, ಅವರೇ ಮಾತನ್ನು ಬಿಡಿಸಿ ಬಿಡಿಸಿ ಹೇಳತೊಡಗಿದರು. ಸೊಂಟ ಮಾತ್ರ ಲಗೇಜು ಹಾಲನ್ನು ಮರೆಯಲಿಲ್ಲ. ಸೀಟಿನ ಹಿಂದೆ ಒಂದು ದಿಂಬು ಇಟ್ಟುಕೊಂಡೇ ಓಡಿಸುತ್ತಿದ್ದ.

ಅಣ್ಣನಿಗೆ ಮಾತು ಮರಳಿ ಬರಲಿಲ್ಲ ಎಂದೇ ಹೇಳಬೇಕು. ವಾರಕ್ಕೊಮ್ಮೆ ಮಾತು ಕಲಿಸುವವರ ಹತ್ತಿರ ಹೋಗಿ, ವರ್ಷ ತುಂಬುವಷ್ಟರಲ್ಲಿ "ನೀರು", "ಬಾ", "ಸಾಕು" ಎಂಬ ಮಾತುಗಳು ಬಂದವು. ತಿಳಿಯದಿದ್ದರೆ ಈಗ ನಗುವುದನ್ನು ಬಿಟ್ಟಿದ್ದಾನೆ, ಎಡಗೈ ಎತ್ತಿ ಅಂಗೈ ತೋರಿಸುತ್ತಾನೆ. ಹೇಳುತ್ತಿದ್ದವರು ನಿಲ್ಲಬೇಕು, ಮೊದಲಿನಿಂದ ಹೇಳಬೇಕು. ಕೆಲವು ನೆಂಟರಿಗೆ ಇದು ಸೇರುವುದಿಲ್ಲ, ಬರುವುದನ್ನು ಕಡಿಮೆ ಮಾಡಿದ್ದಾರೆ. ಹೆಂಡತಿಯ ಜೊತೆ ಮುನಿಸು ಯಾವಾಗ ಹೋಯಿತೆಂದು ಯಾರೂ ಗಮನಿಸಲಿಲ್ಲ. ಒಂದು ದಿನ ಅವರು ಅವನ ಗಡ್ಡ ಬೋಳಿಸುತ್ತಿದ್ದರು, ಅವನು ಕೆನ್ನೆ ಉಬ್ಬಿಸಿ ಕೂತಿದ್ದ, ಅಷ್ಟೇ.

ಅತ್ತಿಗೆ ದಿನವಿಡೀ ಒಂದೊಂದೇ ಪದ ಆಡಿ, ಕಾದು, ಇನ್ನೊಂದು ಪದ ಆಡಿ ದಣಿದಿರುತ್ತಾರೆ. ಮಾತಾಡುವುದೂ ಒಂದು ಕೂಲಿ ಕೆಲಸವಾಯಿತು ಎನ್ನುತ್ತಾರೆ. ಮೆಲ್ಲಣ್ಣ ಸಂಜೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರೆ ಸಾಕು, ತಡೆದಿಟ್ಟ ಮಾತೆಲ್ಲ ಒಂದೇ ಸಲಕ್ಕೆ ಹೊರಬೀಳುತ್ತದೆ. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದದ್ದು, ಅಣ್ಣ ಎರಡು ಸಲ ಊಟ ಕೇಳಿದ್ದು, ಬಲ್ಬು ಹೋದದ್ದು, ಮಂಡಿ ನೋವು. ಉಸಿರು ತೆಗೆದುಕೊಳ್ಳದೆ ಹೇಳುತ್ತಾರೆ. ಅವನು ಗೋಡೆಗೊರಗಿ, ಕಾಲು ಚಾಚಿ ಕೇಳುತ್ತಾನೆ. ಅರ್ಧ ಕಿವಿಗೆ ಬೀಳುತ್ತದೆ, ಅರ್ಧ ಹೋಗುತ್ತದೆ. ಅತ್ತಿಗೆ ಅವನನ್ನು ಏನೂ ಕೇಳುವುದಿಲ್ಲ, ತಟ್ಟೆಗೆ ಊಟ ಬಡಿಸಿ ಮುಂದಿಡುತ್ತಾರೆ, ಹೇಳುತ್ತಲೇ ಇರುತ್ತಾರೆ.